ಸೀರಿ ಮರೆಯಾಗ ಒಣಗಿದ ಚೀಲ

ಕೌದಿ ಹೊಲ್ಯಾಕ ಹಳೇ ಬಟ್ಟಿ ಬೇಕಾಗಿದ್ವು. ಸಂದೂಕದ ಮುಚ್ಚಳ ಎತ್ತಿದ ಕೂಡ್ಲೆ ಒಣಗಿದ ಬೇವಿನ ಸೊಪ್ಪಿನ ವಾಸನಿ ಬಂತು, ಅದರ ಹಿಂದ ನಮ್ಮ ಮುದುಕನ ತಂಬಾಕದ ವಾಸನಿ. ಮುದುಕ ಹೋಗಿ ವರ್ಷಗಳಾದ್ವು, ತಂಬಾಕ ಇನ್ನೂ ಹೋಗಿಲ್ಲ. ಧೋತರ ಒಂದೊಂದೇ ತಗದು ಹೊರಗ ಹಾಕಾಕತ್ತಿದ್ದೆ. ತಳದಾಗ ಒಂದು ಬಟ್ಟಿ ಚೀಲ ಸಿಕ್ಕಿತು. ಮೆತ್ತನ್ನ ಬಿಳಿ ಬಟ್ಟಿ, ಎರಡೂ ಕಡಿಗೆ ಉದ್ದನ್ನ ಲಾಡಿ. ಗೋಣಿಚೀಲ ಹೊಲಿಯೋ ದಬ್ಬಣದಿಂದ ಹೊಲದದ್ದು, ಹೊಲಿಗಿ ಅಂದ್ರ ಎತ್ತಿನ ಹೆಜ್ಜಿ ಇದ್ದಂಗ ದೂರ ದೂರ.

ಮೊಮ್ಮಗಳು ಅಂಬಿಕಾ ಬಾಜೂಕ ಕುಂತು ಹತ್ತನೇ ಕ್ಲಾಸಿನ ಪುಸ್ತಕ ಮುಂದಿಟ್ಟುಕೊಂಡಿದ್ಳು. ಚೀಲ ಎತ್ತಿ ತಿರುಗಿಸಿ ತಿರುಗಿಸಿ ನೋಡಿದ್ಳು.

"ಆಯಿ, ಇದೇನು? ಮುತ್ಯಾನ ಕವಣಿ ಏನು?"

"ಕೊಡು ಇಲ್ಲಿ," ಅಂತ ಕಸಗೊಂಡೆ.

ಕವಣಿ ಅಂತ. ಜ್ವಾಳದ ಹೊಲದಾಗ ಅಟ್ಟದ ಮ್ಯಾಲ ನಿಂತು ಹಕ್ಕಿ ಹೊಡಿಯೋ ಕವಣಿ ಹಂಗೇ ಕಾಣ್ತದ, ಅದು ಖರೆ. ನಡುವ ಜೋಳಿಗಿ, ಎರಡೂ ಕಡಿಗೆ ದಾರ. ಆದ್ರ ಇದರಿಂದ ಒಂದು ಗುಬ್ಬಿನೂ ಸತ್ತಿಲ್ಲ. ಸಾಯೋ ಹಂಗ ಆಗಿದ್ದು ನಾನು, ಅದನ್ನ ತೊಳದು ತೊಳದು.

ಈಗ ನಿಮಗ ಅದೇನಂತ ಹೇಳಬೇಕಲ್ಲ. ನಡುವ ಎದ್ದು ಹೋಗಬ್ಯಾಡ್ರಿ. ನಾ ಅಕ್ಷರ ಕಲ್ತದ್ದು ಕೂದಲ ಬೆಳ್ಳಗ ಆದ ಮ್ಯಾಲ, ಸಂಜಿ ಶಾಲಿಯಾಗ. ಸುತ್ತಿ ಬಳಸಿ ಬರಿಯೋದು ಅಲ್ಲಿ ಕಲಿಸಲಿಲ್ಲ. ಗಂಡಸಿನ ಬೀಜದ ಚೀಲ ಬಾತು ದೊಡ್ಡದಾದ್ರ ಅದನ್ನ ಎತ್ತಿ ಕಟ್ಟಿಕೊಳ್ಳೋ ಜೋಳಿಗಿ ಇದು. ಕಟ್ಟಿಕೊಂಡಾವ ನನ್ನ ಗಂಡ. ಗಂಡನ ಹೆಸರು ಹೇಳಬಾರದು ಅಂತ ನಮ್ಮಲ್ಲಿ ಅದ. ಅವ ಇದ್ದಾಗ ಹೇಳಲಿಲ್ಲ. ಈಗ ಹೇಳ್ತೇನಿ, ಬಂದು ಬೈಯಲಿ ನೋಡೋಣ. ಭೀಮಶಾ.

ನಾ ಇಜೇರಿಯಿಂದ ಭೂಸನೂರ ಬಾಜೂಕಿನ ಈ ಊರಿಗೆ ಸೊಸಿಯಾಗಿ ಬಂದಾಗ ಭೀಮಶಾ ಸೈಕಲ್ ಹೊಡಕೊಂಡು ಆಳಂದಕ್ಕ ಹೋಗಿ ಬರ್ತಿದ್ದ, ದಾರಿಯುದ್ದಕ್ಕೂ ಸಿಳ್ಳಿ ಹಾಕ್ಕೋತ. ಮಗ ಮಲ್ಲ್ಯಾ ಶಾಲಿಗೆ ಹೋಗೋ ಹೊತ್ತಿನಾಗ ಒಮ್ಮೆ ಭೀಮಶಾಗ ಚಳಿಜ್ವರ ಬಂತು. ತೊಡಿ ಸಂದಿಯಾಗ ಗಂಟು ಕಟ್ಟಿತು. ಜ್ವರ ಹೋಯ್ತು, ಕೆಳಗ ಬಾವು ಉಳೀತು. ಮೊದಲು ನಿಂಬಿಹಣ್ಣಿನಷ್ಟು. ಆಮ್ಯಾಲ ಬೆಳವಲಕಾಯಿಯಷ್ಟು. ಆಮ್ಯಾಲ ನಾ ಹೋಲಿಸೋದು ಬಿಟ್ಟೆ. ನಮ್ಮ ಕಡೆ ಇದು ಹೊಸಾ ಬ್ಯಾನಿ ಅಲ್ಲ, ಸೊಳ್ಳಿ ಕಡದು ಬರೋದು, ಆನೆಕಾಲು ತರೋ ಹುಳಾನೇ ಇದನ್ನೂ ತರ್ತದ. ಹೆಂಗಸಿಗೆ ಕಾಲಿಗೆ ಬಂತಂದ್ರ ಊರೆಲ್ಲ ನೋಡ್ತದ, ಮಾತಾಡ್ತದ, ಲಗ್ನ ನಿಲ್ತದ. ಗಂಡಸಿಗೆ ಅಲ್ಲಿ ಬಂತಂದ್ರ ಧೋತರ ಮುಚ್ಚಿಬಿಡ್ತದ. ದೇವರು ಧೋತರ ಮಾಡಿದ್ದೇ ಇದಕ್ಕೇನೋ ಅನಿಸ್ತದ ನನಗ.

ಮುಚ್ಚಿಡೋದು ಅಂದ್ರ ಬಿಟ್ಟಿ ಕೆಲಸ ಅಲ್ಲ, ಇಡೀ ಮನಿ ಅದಕ್ಕ ದುಡಿಬೇಕು. ಸೈಕಲ್ ತಮ್ಮನ ಮನಿಗೆ ಹೋಯ್ತು. ಯಾಕ ಅಂದ್ರ "ಕಣ್ಣು ಮಂಜ ಆಗ್ಯಾವ." ಒಂದು ಫರ್ಲಾಂಗಿನಿಂದ ಯಾರ ಎತ್ತು ಹೊಲಕ್ಕ ನುಗ್ಯಾವ ಅಂತ ಹೇಳೋ ಕಣ್ಣು, ಮಂಜ ಅಂತ. ಕಬ್ಬಿನ ಗಾಡಿ ಕಾರ್ಖಾನಿಗೆ ಹೊಡಿಬೇಕಾದ್ರ ಮೂಕಿ ಮ್ಯಾಲ ಕುಂಡ್ರಂಗಿಲ್ಲ, ಬಾಜೂಕ ನಡ್ಕೋತ ಹೋಗಾವ. "ಎತ್ತಿಗೆ ಭಾರ ಆಗ್ತದ" ಅನ್ನಾವ. ನೆಂಟರ ಮನ್ಯಾಗ ಚಾಪಿ ಹಾಸಿದ್ರ ನಿಂತೇ ಚಾ ಕುಡಿಯಾವ. ಅಫಜಲಪುರ ಕಡೆ ಯಾರೋ ಒಬ್ಬಾವ ಕಾಲಿನ ಹೆಬ್ಬೆರಳಿಗೆ ತಾಮ್ರದ ತಂತಿ ಸುತ್ತಿ ಕೊಡ್ತಾನಂತ, ಅಲ್ಲಿಗೆ ಹೋಗಿ ಸುತ್ತಿಸಿಕೊಂಡು ಬಂದ. ಬಾವು ತೊಡಿ ಸಂದ್ಯಾಗ, ತಂತಿ ಹೆಬ್ಬೆರಳಿಗೆ. "ಅದು ಕೆಳಗಿನಿಂದ ಎಳೀತದ" ಅಂತ ನನಗೇ ತಿಳಿಸಿ ಹೇಳಿದ. ನಾ ಅಂದೆ, "ಎಳದು ಎಳದು ಇನ್ನೂ ಕೆಳಗ ಬಂದೀತು, ಹುಷಾರ್."

ದವಾಖಾನಿಗೆ ನಡೀರಿ ಅಂದ್ರ ಒಂದೇ ಮಾತು. "ಅಲ್ಲಿ ಕತ್ತಿ ಹಚ್ಚಿದ್ರ ಗಂಡಸ್ತನ ಹೋಗ್ತದ, ನಿನಗೇನು ಗೊತ್ತಲೇ?"

ನನಗ ಏನೂ ಗೊತ್ತಿಲ್ಲ. ಆ ಚೀಲ ತೊಳಿಯೋದು ಗೊತ್ತು. ಅದನ್ನ ಹಗ್ಗದ ಮ್ಯಾಲ ಬಿಚ್ಚಿ ಹಾಕಂಗಿಲ್ಲ. ಮೊದಲು ಚೀಲ ಹಾಕಬೇಕು, ಅದರ ಮ್ಯಾಲ ನನ್ನ ಸೀರಿ ಮುಚ್ಚಬೇಕು, ಗಾಳಿ ಬಂದು ಸೀರಿ ಎತ್ತಿದ್ರ ಓಡಿ ಹೋಗಿ ಕಲ್ಲು ಇಡಬೇಕು. ಸೀರಿ ಮರೆಯಾಗ ಅದು ನೆಟ್ಟಗ ಒಣಗಂಗಿಲ್ಲ, ಹಸಿದೇ ಕಟ್ಟಿಕೊಂಡು ತೊಡಿಯಾಗ ಗಜಕರ್ಣ. ಅದಕ್ಕ ಮತ್ತೊಂದು ಮುಲಾಮು. ಹಿಂಗ ವರ್ಷಗಟ್ಟಲೆ. ಗಂಡಸಿನ ಮಾನ ಗಂಡಸಿನ ಹತ್ರ ಇರ್ತದ ಅಂತಾರ. ಸುಳ್ಳು. ನಮ್ಮ ಮನ್ಯಾಗ ಅದು ನನ್ನ ಸೀರಿ ಕೆಳಗ ಒಣಗ್ತಿತ್ತು.

ಇರ್ಲಿ. ಈ ಚೀಲದ ಮಾತು ಹೇಳಾಕ ನಾ ಕುಂತಿಲ್ಲ, ಅದರಿಂದ ನಮ್ಮ ಸೊಸಿ ಉಳದದ್ದು ಹೇಳಾಕ ಕುಂತೇನಿ.

ಸೊಸಿ ಸುವರ್ಣಾ. ಮಲ್ಲ್ಯಾನ ಹೆಂಡ್ತಿ, ಅಂಬಿಕಾನ ಅವ್ವ. ಅಂಬಿಕಾ ಆದ ಮ್ಯಾಲ ಒಂದು ಗಂಡು ಆಯ್ತು. ಆ ಎರಡನೇ ಹೆರಿಗಿಯಾಗ ಆಕಿ ಉಸಿರು ಸಿಗದ ನೀಲಿ ಆಗಿಬಿಟ್ಳು. ಕಲಬುರ್ಗಿಗೆ ಒಯ್ದ್ವಿ. ಅಲ್ಲಿ ತಿಳೀತು, ಎದಿಯಾಗಿನ ರಕ್ತದ ಬಾಗಿಲು ಆಕಿಗೆ ಸಣ್ಣಕ್ಕಿದ್ದಾಗಿಂದ ಸರಿ ಇಲ್ಲ, ನೆಟ್ಟಗ ತೆರಿಯಂಗಿಲ್ಲ. ಗುಳಿಗಿ ಕೊಟ್ರು, ಬದುಕಿದ್ಳು. ಆಮ್ಯಾಲ ಆಳಂದದ ದವಾಖಾನಿಯ ಡಾಕ್ಟರಬಾಯಿ ನನ್ನನ್ನೂ ಆಕಿನ್ನೂ ಎದುರಿಗೆ ಕುಂಡ್ರಿಸಿಕೊಂಡು ಹೇಳಿದ್ಳು.

"ಇನ್ನೊಂದು ಬಸಿರು ಆದ್ರ ಈಕಿ ಉಳಿಯೋದು ಕಷ್ಟ ಅದ್ರಿ. ಹೆಣ್ಮಕ್ಕಳ ಆಪರೇಶನ್ ಮಾಡೋಣ ಅಂದ್ರ ಅದೂ ಈಕಿ ಎದಿಗೆ ಅಪಾಯ. ನಿಮ್ಮ ಮಗನ್ನ ಕರ್ಕೊಂಡು ಬರ್ರಿ. ಗಂಡಸರದ್ದು ಸಣ್ಣ ಕೆಲಸ. ಸೂಜಿ ಚುಚ್ಚಿದಷ್ಟು ತೂತು, ಹೊಲಿಗಿನೂ ಬೇಕಾಗಂಗಿಲ್ಲ, ಅವತ್ತೇ ಮನಿಗೆ ಹೋಗಬಹುದು."

ಸುವರ್ಣಾ ತೆಲಿ ತಗ್ಗಿಸಿ ಕುಂತಿದ್ಳು. ಬಸ್ ಸ್ಟ್ಯಾಂಡಿನಾಗ ಕಟ್ಟಿಮ್ಯಾಲ ಕುಂತಾಗ ಮೆಲ್ಲಕ ಕೇಳಿದ್ಳು, "ಅತ್ತೀ, ಅವ್ರು ಬರ್ತಾರೇನ್ರಿ?"

"ಬರದೇ ಏನ್ ಮಾಡ್ತಾನ," ಅಂದೆ. ಗಂಡಸರ ಮನ್ಯಾಗ ಇಷ್ಟು ವರ್ಷ ಇದ್ದೂ ಹಂಗ ಅಂದೆ ನೋಡ್ರಿ.

ಮಲ್ಲ್ಯಾ ಉಣ್ಣಾಕತ್ತಿದ್ದ. ಹೇಳಿದೆ. ರೊಟ್ಟಿ ಕೈಯಾಗೇ ಉಳೀತು.

"ನಸಬಂದಿ? ನನಗ? ಯವ್ವಾ, ನಿನಗ ತೆಲಿ ಕೆಟ್ಟದೇನು?"

"ನನ್ನ ತೆಲಿ ನೆಟ್ಟಗದ. ಆಕಿ ಎದಿ ಕೆಟ್ಟದ."

"ಆಕಿಗೇ ಮಾಡಿಸ್ರಿ. ಊರಾಗ ಎಲ್ಲಾ ಹೆಂಗಸರೂ ಮಾಡಿಸ್ಕೊಂಡಾರ."

"ಆಕಿಗೆ ಮಾಡಂಗಿಲ್ಲಂತ ಹೇಳಾಕತ್ತೇನಿ, ಕಿವಿಯಾಗ ಏನು ಹಾಕ್ಕೊಂಡಿ?"

ಅಷ್ಟರಾಗ ಮಂಚದ ಮ್ಯಾಲ ಒಂದು ಮಗ್ಗಲಾ ಮಲಗಿದ್ದ ಭೀಮಶಾ ಎದ್ದು ಕುಂತ. ಅವಗೆ ಮಲಗೋದೂ ಒಂದೇ ಮಗ್ಗಲು. "ಏ ಇಕಿನೇ," ಅಂದ, "ಹೋರಿ ಬೀಜಾ ಒಡಿಸಿದ್ರ ಏನಾಗ್ತದ? ಎತ್ತು ಆಗ್ತದ. ನನ್ನ ಮಗನ್ನ ಎತ್ತು ಮಾಡ್ತೀಯೇನು?"

ಇಲ್ಲೇ ಅದ ನೋಡ್ರಿ ಈ ಮಂದಿಯ ಶಾಣ್ಯಾತನ. ಪ್ಯಾಟಿ ಮಂದಿಗೆ ತಿಳೀಲಿಲ್ಲಂದ್ರ ನೋಡಿಲ್ಲ ಅನಬಹುದು. ಇವರು ನೋಡ್ಯಾರ, ಅದೇ ತ್ರಾಸ. ಹೋರಿ ಬಲಿತ ಮ್ಯಾಲ ದನದ ದವಾಖಾನಿಗೆ ಹೊಡಕೊಂಡು ಹೋಗ್ತಾರ, ಕಾಲು ಕಟ್ಟಿ ಕೆಡವ್ತಾರ. ದನದ ಡಾಕ್ಟರ ಒಂದು ದೊಡ್ಡ ಕಬ್ಬಿಣದ ಇಕ್ಕಳ ತರ್ತಾನ. ಬೀಜ ಮುಟ್ಟಂಗಿಲ್ಲ, ಚೀಲದ ಮ್ಯಾಲಿನ ಕುತಗಿ ಅದ ನೋಡ್ರಿ, ನಾಳ ಇಳದ ಜಾಗ, ಅಲ್ಲಿ ಇಕ್ಕಳ ಹಾಕಿ ಕಟಕ್ ಅನ್ನಿಸ್ತಾನ. ರಕ್ತ ಬರಂಗಿಲ್ಲ, ಗಾಯ ಇಲ್ಲ. ದಿನಾ ಕಳದಂಗ ಬೀಜ ಒಣಗಿ ಒಳಗೇ ಸಣ್ಣ ಆಗ್ತದ, ಗುದ್ದಾಡೋ ಹೋರಿ ಗೋಣು ಬಗ್ಗಿಸಿ ನೊಗಕ್ಕ ಬರ್ತದ. ಭೀಮಶಾ ಎಷ್ಟೋ ಹೋರಿಯ ಕಾಲು ತಾನೇ ಹಿಡದಾನ. ಹಂಗಾಗಿ ಡಾಕ್ಟರಬಾಯಿ "ಬೀಜ ಮುಟ್ಟಂಗಿಲ್ಲ, ನಾಳ ಅಷ್ಟೇ ಕಟ್ಟೋದು, ರಕ್ತ ಬರಂಗಿಲ್ಲ" ಅಂತ ಸಮಾಧಾನ ಹೇಳಿದ್ದನ್ನ ನಾ ಮನಿಗೆ ಬಂದು ಹೇಳಿದ್ರ ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿಕೊಂಡ್ರು. ಸಮಾಧಾನ ಎಲ್ಲಿಂದ ಆಗಬೇಕು? ಆಕಿ ಹೇಳಿದ ಒಂದೊಂದು ಮಾತೂ ಅವರಿಗೆ ಇಕ್ಕಳದ ಸಪ್ಪಳ ಕೇಳಿಸಿದಂಗ ಕೇಳಿಸ್ತು.

ಮಲ್ಲ್ಯಾ "ಇಲ್ಲ" ಅನ್ನಲಿಲ್ಲ. ಇಲ್ಲ ಅಂದಿದ್ರ ನಾ ಜಗಳಾನಾದ್ರೂ ತಗೀತಿದ್ದೆ. "ಬರೋ ಸೋಮವಾರ ನೋಡೋಣು" ಅಂದ. ಸೋಮವಾರ ಬಂತು, ತೊಗರಿ ರಾಶಿ ಅಂದ. ಮತ್ತೊಂದು ಸೋಮವಾರ ಬಂತು, ಆಳಂದ ಬಜಾರದಾಗ ತೊಗರಿ ಹಾಕಬೇಕು ಅಂದ. ದವಾಖಾನಿ ಬಜಾರದ ಹಾದಿಯಾಗೇ ಅದ, ನಾ ನೋಡೇನಿ. ದವಾಖಾನಿ ಕಡಿಂದ ಮನಿಮನಿಗೆ ಬರೋ ಆಶಾಬಾಯಿ ನಿರೋಧ್ ಪಾಕೀಟು ತಂದು ನನ್ನ ಕೈಯಾಗ ಇಟ್ಳು, ಅವನ ಕೈಯಾಗ ಇಡಾಕ ಆಕಿಗೆ ನಾಚಿಕಿ. ನಾ ಅವನ್ನ ಜೋಳದ ಡಬ್ಬಿ ಮ್ಯಾಲ ಇಟ್ಟೆ. ಅಲ್ಲೇ ಇದ್ವು.

ಒಂದು ತಿಂಗಳು ಸುವರ್ಣಾ ಹೊರಗ ಕುಂಡ್ರಲಿಲ್ಲ. ಮುಟ್ಟಿನ ದಿನ ದಾಟಿ ಹೋಯ್ತು. ಆಕಿ ಯಾರಿಗೂ ಹೇಳಲಿಲ್ಲ. ನಾ ಲೆಕ್ಕ ಇಟ್ಟಿದ್ದೆ, ಸೊಸಿಯಂದಿರ ಈ ಲೆಕ್ಕ ಅತ್ತಿ ಆದಾಕಿಗೆ ಓದು ಬರದಿದ್ರೂ ಬರ್ತದ. ಆಕಿ ಒಲಿ ಮುಂದ ಎರಡು ರೊಟ್ಟಿ ಬಡಿಯೋದು, ಕೈ ನೆಲಕ್ಕ ಊರಿ ಉಸಿರು ತಗೊಳ್ಳೋದು, ಮತ್ತ ಎರಡು ಬಡಿಯೋದು. ಹುಡುಗರನ್ನ ಹತ್ರ ಕರದು ಸುಮ್ಮನ ಅವರ ತೆಲಿ ನೋಡೋದು, ಹೇನು ಇಲ್ಲದಿದ್ರೂ. ಒಂದಿನ ತನ್ನ ಲಗ್ನದ ಸೀರಿ ತಗದು ಅಂಬಿಕಾಗೆ ಇದು ಅಂತ ಬ್ಯಾರೆ ಮಡಚಿ ಇಟ್ಳು. ನಾ ಅದನ್ನ ನೋಡಿ ಬಾವಿ ಕಡೆ ಹೋಗಿ ನಿಂತು ಬಂದೆ.

ಆಮ್ಯಾಲ ತಡಾ ಆಗಿ ಮುಟ್ಟಾದ್ಳು. ಆ ದಿನ ಆಕಿ ಹೊಟ್ಟಿ ಹಿಡಕೊಂಡು ನಕ್ಕಿದ್ದು ನೋಡಬೇಕಾಗಿತ್ತು. ಹೊಟ್ಟಿನೋವಿಗೆ ನಗೋ ಹೆಂಗಸನ್ನ ನಾ ಅವತ್ತೇ ಮೊದಲು ನೋಡಿದ್ದು.

ಅದೇ ವಾರ ನೆರೆಮನಿಯವರ ಕಂದೂರಿ ಬಂತು. ಹರಕಿ ಹೊತ್ತು ದರ್ಗಾದ ಹೆಸರಿನ ಮ್ಯಾಲ ಹೋತ ಕೊಯ್ದು ಮಂದಿಗೆ ಉಣಿಸೋದು, ನಮ್ಮ ಕಡೆ ಎಲ್ಲಾ ಜಾತಿಯವರೂ ಮಾಡ್ತಾರ. ನಮ್ಮ ಪಾಲಿನ ಖಂಡ ತಾಟಿನಾಗ ಬಂತು, ಅದರಾಗ ಹೋತಿನ ಬೀಜಾನೂ ಇದ್ವು, ನಾಳ ಸಮೇತ. ಇವು ಭೀಮಶಾಗ ಬಹಳ ಸೇರ್ತಿದ್ವು. ತಿಂದ್ರ ಶಕ್ತಿ ಬರ್ತದಂತ. ತನ್ನವು ಮುಟ್ಟಿಸಿಕೊಳ್ಳಂಗಿಲ್ಲ, ಹೋತಿನವು ಹುರಕೊಂಡು ತಿಂತಾನ.

ನಾ ಹಿತ್ತಲದಾಗ ಕುಂತು ತೊಳಿಯಾಕತ್ತೆ. ನಾಳ ಬೆರಳಾಗ ಸಿಕ್ತು. ವರ್ಷಾನುಗಟ್ಟಲೆ ತೊಳದೇನಿ, ಅವತ್ತು ಮೊದಲನೇ ಸಲ ಹಿಸುಕಿ ನೋಡಿದೆ. ಡಾಕ್ಟರಬಾಯಿ ಹೇಳಿದ್ದು ತೆಲಿಯಾಗ ಇತ್ತಲ್ಲ. ಒಳಗ ಒಂದಲ್ಲ, ಎರಡು ತರಹದ್ದು ಇದ್ವು. ಒಂದು ಕೆಂಪಗ, ಮೆತ್ತಗ, ಬಳ್ಳಿ ಸುತ್ತಿದಂಗ ಸುತ್ತಿಕೊಂಡ ರಕ್ತದ ನರಗಳು. ಇನ್ನೊಂದು ಬೆಳ್ಳಗ, ಸಣ್ಣದು, ಗಟ್ಟಿ. ಕೌದಿ ಹೊಲಿಯೋ ದಾರಕ್ಕ ಮೇಣ ಹಚ್ಚಿದ್ರ ಹೆಂಗಿರ್ತದ, ಹಂಗ.

"ಇಲ್ಲಿ ಬರ್ರಿ ಇಬ್ಬರೂ," ಅಂತ ಕೂಗಿದೆ.

ಭೀಮಶಾ ಊಟಕ್ಕ ಅಂತ ಬಂದ. ಮಲ್ಲ್ಯಾ ಬೀಡಿ ಆರಿಸಿ ಬಂದ.

"ಹಿಡೀರಿ ಇದನ್ನ," ಅಂದೆ.

"ಥೂ, ಯವ್ವಾ."

"ತಿನ್ನಾಕ ಥೂ ಇಲ್ಲ, ಹಿಡಿಯಾಕ ಥೂ. ಹಿಡಿ." ಹಿಡದ. "ಈ ಕೆಂಪಂದು ರಕ್ತದ ಹಾದಿ. ಈ ಬೆಳ್ಳನ ದಾರ ಅದ ನೋಡು, ಇದು ಕೂಸಿನ ಬೀಜ ಹೋಗೋ ಹಾದಿ. ಹೋರಿಗೆ ಇಕ್ಕಳ ಹಾಕಿದ್ರ ಎರಡೂ ನುಜ್ಜಾಗ್ತಾವ, ರಕ್ತ ನಿಲ್ತದ, ಅದಕ್ಕೇ ಒಣಗ್ತಾವ. ನಿನಗ ಈ ಬೆಳ್ಳನ ದಾರ ಒಂದೇ ಕತ್ತರಿಸಿ ಕಟ್ಟೋದು. ಕೆಂಪಂದು ಇದ್ದಂಗೇ ಇರ್ತದ. ಡಾಕ್ಟರಬಾಯಿ ಹೇಳ್ಯಾಳ, ಗಂಡಸ್ತನದ ರಸ ಈ ದಾರದಾಗ ಹೋಗಂಗಿಲ್ಲಂತ, ಸೀದಾ ರಕ್ತದಾಗ ಕೂಡ್ತದಂತ. ಮೀಸಿ, ದನಿ, ಆಶಾ, ಎಲ್ಲಾ ಅದರಿಂದ. ರಾತ್ರಿ ಹೊರಗ ಬರೋ ನೀರೂ ಬಹಳಷ್ಟು ಮ್ಯಾಲಿಂದ ಬ್ಯಾರೆ ಗ್ರಂಥಿಯಿಂದ ಬರ್ತದಂತ. ಅದೂ ಹಂಗೇ ಬರ್ತದ. ಅದರಾಗ ಕೂಸು ಇರಂಗಿಲ್ಲ, ಅಷ್ಟೇ."

ಮಗನ ಮುಂದ ತಾಯಿ ಆಡೋ ಮಾತಲ್ಲ, ನನಗ ಗೊತ್ತದ. ಆಡೋರು ಆಡಿದ್ರ ನಾ ಯಾಕ ಆಡ್ತಿದ್ದೆ? ಅವನ ಅಪ್ಪ ಹೇಳಬೇಕಾದದ್ದು. ಅವನ ಅಪ್ಪಗ ಅವನ ಅಪ್ಪ ಹೇಳಬೇಕಾದದ್ದು. ಮೂರು ತಲಿಮಾರಿನಿಂದ ಒಬ್ಬರೂ ತಮ್ಮದನ್ನ ತಾವು ನೋಡಿಕೊಂಡಿಲ್ಲ, ಮೀಸಿ ಮ್ಯಾಲ ಕೈ ಇಟ್ಟುಕೊಂಡು ಕುಂತಾರ.

ಮಲ್ಲ್ಯಾ ಆ ದಾರ ಎರಡು ಬೆರಳಾಗ ಉರುಳಿಸಿ ಉರುಳಿಸಿ ನೋಡಿದ. ಅವಗೆ ತಿಳೀತು ಅಂತ ಮಾರಿಯಾಗ ಕಾಣ್ತು. ತಿಳದ್ರೂ ಸೋಲಬಾರದಲ್ಲ.

"ಅಪ್ಪಗ ಹೇಳು ಮೊದಲು," ಅಂದ. "ನಾ ಸಣ್ಣಾವ ಇದ್ದಾಗಿಂದ ಆ ಗಂಟು ಹೊತ್ತುಕೊಂಡು ತಿರುಗಾಕತ್ತಾನ. ಅಪ್ಪ ಹೋಗ್ಲಿ, ನಾ ಹೋಗ್ತೇನಿ."

ಭೀಮಶಾ ನನ್ನ ಮಾರಿ ನೋಡಿದ. ನಾ ಹೇಳಿಲ್ಲ ಅಂತ ತೆಲಿ ಅಲ್ಲಾಡಿಸಿದೆ.

"ನಿನಗ ಯಾರು ಹೇಳಿದ್ರು?" ಅಂದ ಮಗನಿಗೆ.

"ಯಾರು ಹೇಳಬೇಕಪ್ಪ? ನಿನ್ನ ನಡಿಗಿ ಹೇಳ್ತದ. ಊರಿಗೆಲ್ಲ ಗೊತ್ತದ."

ಒಳಗಿನಿಂದ ಸುವರ್ಣಾ ಕೆಮ್ಮಿದ್ದು ಕೇಳಿಸ್ತು. ಎರಡು ರೊಟ್ಟಿ ಬಡಿದ ಸಪ್ಪಳ, ನಿಂತಿತು. ಮತ್ತ ಸುರು ಆಗಲಿಲ್ಲ. ನಾವು ಮೂವರೂ ಕಾಯ್ದ್ವಿ. ಬಹಳ ಹೊತ್ತು ಆಯ್ತು ಅನಿಸ್ತು. ಆಮ್ಯಾಲ ಮತ್ತ ಬಡಿಯೋ ಸಪ್ಪಳ ಬಂತು.

ಭೀಮಶಾ ಒಳಗ ಹೋಗಿ ಗೂಟದ ಮ್ಯಾಲಿನ ರುಮಾಲ ತಗದು ಸುತ್ತಿಕೊಂಡ, ಚಪ್ಪಲಿ ಮೆಟ್ಟಿದ.

"ನಡೀಲೇ ಮಲ್ಲ್ಯಾ," ಅಂದ. "ಯಾವ ಸೋಮವಾರ ಇಲ್ಲ, ಗೀಮವಾರ ಇಲ್ಲ. ಇವತ್ತೇ ನಡಿ."

"ಇವತ್ತು ಐತವಾರ ಅಪ್ಪ. ದವಾಖಾನಿ..."

"ಬಾಗಿಲ ಮುಂದ ಕುಂಡ್ರೋಣು."

ಖರೇನೇ ಹೋಗಿ ಕುಂತ್ರು. ಸಂಜಿಗೆ ಆಳಂದದಾಗ ನೆಂಟರ ಮನ್ಯಾಗ ಉಂಡು, ಮುಂಜಾನಿ ಬಾಗಿಲು ತೆರಿಯೋಕಿಂತ ಮೊದಲು ಅಲ್ಲಿ. ನಾನೂ ಮೊದಲನೇ ಬಸ್ಸಿಗೆ ಹೋದೆ, ಇವರು ಬಾಗಿಲಿಂದ ಓಡಿ ಬಂದಾರು ಅಂತ.

ಮಗಂದು ನನ್ನ ಚಾ ಆರೋಷ್ಟರಾಗ ಮುಗೀತು. ಹೊರಗ ಬಂದು ಬಾಕಿನ ಮ್ಯಾಲ ಕುಂತು ಮೊದಲು ತನ್ನ ಮೀಸಿ ಮುಟ್ಟಿಕೊಂಡ. ನಾ ನೋಡಿದೆ, ನಾ ನೋಡಿಲ್ಲ ಅಂತ ಅವ ತಿಳಕೊಂಡಾನ. ಡಾಕ್ಟರಬಾಯಿ ಮತ್ತೊಂದು ಮಾತು ಹೇಳಿದ್ಳು. ಹಾದಿಯಾಗ ಇನ್ನೂ ಹಳೇ ಬೀಜ ಉಳದಿರ್ತಾವ, ಮೂರು ತಿಂಗಳು ನಿರೋಧ್ ಬಿಡಬಾರದು, ಆಮ್ಯಾಲ ಬಂದು ತಪಾಸ ಮಾಡಿಸ್ಬೇಕು, ಬೀಜ ಇಲ್ಲ ಅಂತ ಬಂದ ಮ್ಯಾಲೇ ಖರೆ. ಅದನ್ನೂ ನನಗೇ ಹೇಳಿದ್ಳು. ಜೋಳದ ಡಬ್ಬಿ ಮ್ಯಾಲಿನ ಪಾಕೀಟು ನಾನೇ ದಿಂಬಿನ ಕೆಳಗ ಇಟ್ಟು ಬರೋಳು, ಚೌಕೀದಾರನಂಗ. ತಪಾಸಿನಾಗ ಏನೂ ಉಳದಿಲ್ಲ ಅಂತ ಬಂದ ದಿನ ಸುವರ್ಣಾ ಲಗ್ನದ ಸೀರಿ ಮತ್ತ ತನ್ನ ಬಟ್ಟಿಯಾಗೇ ಇಟ್ಟುಕೊಂಡ್ಳು.

ಮುದುಕನ್ನ ಕೆಲವು ದಿನ ಅಲ್ಲೇ ಇಟ್ಟುಕೊಂಡ್ರು. ಕೊಯ್ದು ನೀರು ತಗದ್ರು. ಅಷ್ಟೇ ರೀ, ನೀರು. ಬೀಜದ ಸುತ್ತ ತೆಳ್ಳನ್ನ ಪೊರಿ ಇರ್ತದ, ಅದರಾಗ ನೀರು ನಿಂತಿತ್ತು. ಒಳಗ ಬೀಜ ತನ್ನ ಪಾಡಿಗೆ ತಾನು ಇತ್ತು, ಕೆರಿಯಾಗ ಮುಳುಗಿದ ಕಲ್ಲಿನಂಗ. ಇಷ್ಟು ವರ್ಷ ಗಂಡಸ್ತನ ಗಂಡಸ್ತನ ಅಂತ ಎತ್ತಿ ಕಟ್ಟಿ ಮೆರಸಿದ್ದು ನೀರು. ನಾ ಅವನ್ನ ಕೊಯ್ದ ಡಾಕ್ಟರಗೆ ಕೇಳಿದೆ, "ಸಣ್ಣದಿದ್ದಾಗ ಬಂದಿದ್ರ?" ಅವ ನನ್ನ ಮಾರಿ ನೋಡಿ ಬ್ಯಾರೆ ಮಂಚದ ಕಡೆ ಹೋದ. ಮುದುಕನ ಮ್ಯಾಲ ಸಿಟ್ಟು ಮಾಡೋಣ ಅಂದ್ರ ಅವಗ ಇನ್ನೂ ಹೊಲಿಗಿ ಬಿಚ್ಚಿರಲಿಲ್ಲ.

ಮಗನೂ ಅಪ್ಪನ ಹತ್ರಾನೇ ಉಳದಿದ್ದ, ಇಬ್ಬರೂ ಟಂಟಂ ಗಾಡಿ ಮಾಡ್ಕೊಂಡು ಮನಿಗೆ ಬಂದ್ರು. ಅಪ್ಪ ಒಂದು ಮಂಚ, ಮಗ ಒಂದು ಮಂಚ. ಮಗನಿಗೆ ಅಷ್ಟೊತ್ತಿಗೆ ಏನೂ ನೋವು ಉಳದಿರಲಿಲ್ಲ, ಆದ್ರೂ ಮಂಚ ಬೇಕು. ಮಾತಾಡ್ಸಾಕ ಮಂದಿ ಬಂದ್ರ ಮಲ್ಲ್ಯಾ "ಅಪೆಂಡಿಕ್ಸ್" ಅನ್ನಾವ. ಭೀಮಶಾಗ ಆ ಶಬ್ದ ನಾಲಗಿಗೆ ಹೊರಳಂಗಿಲ್ಲ, ಅವ "ಇವಂಗ ಆದದ್ದೇ ನನಗೂ ಆಗ್ಯಾದ" ಅಂದುಬಿಡಾವ. ಮಂದಿ ಒಳಗೊಳಗೇ ನಗೋರು. ಸುವರ್ಣಾ ಇಬ್ಬರಿಗೂ ಗಂಜಿ ಕೊಡಾಕ ಬಂದ್ರ ಇಬ್ಬರೂ ಗ್ವಾಡಿ ಕಡೆ ಮಾರಿ ತಿರುಗಿಸೋರು. ಜೀವ ಉಳದದ್ದು ಆಕಿಂದು, ನಾಚಿಕಿ ಇವರಿಗೆ.

ಹೊಲಿಗಿ ಮಾಯದ ಮ್ಯಾಲ ಭೀಮಶಾ ಮಾಡಿದ ಮೊದಲನೇ ಕೆಲಸ ಅಂದ್ರ ತಮ್ಮನ ಮನಿಗೆ ಹೋಗಿ ಸೈಕಲ್ ತಿರುಗಿ ತಂದದ್ದು. ಗಾಲಿಯಾಗ ಗಾಳಿ ಇಲ್ಲ, ಸೀಟು ಹರದಿತ್ತು. ಅಂಗಳದಾಗ ಒಂದು ಸುತ್ತು ಹೊಡದ. ಇಳದು ನನ್ನ ಹತ್ರ ಬಂದು ನಿಂತ.

"ಇಷ್ಟು ಹಗುರ ಇರ್ತದೇನಲೇ ಮನುಷ್ಯಾನ ಮೈ?" ಅಂದ.

ಅಷ್ಟೇ. ಇಷ್ಟು ವರ್ಷ ತೊಳದಾಕಿಗೆ ಆ ಒಂದು ಮಾತು. ಸಾಯೋತನಕ ಆಳಂದಕ್ಕ ಸೈಕಲ್ ಮ್ಯಾಲೇ ಹೋದ. ಕಣ್ಣು ಖರೇನೇ ಮಂಜ ಆದ ಮ್ಯಾಲೂ ಹೋದ, ಒಂದೆರಡು ಸಲ ಕಾಲುವ್ಯಾಗ ಬಿದ್ದ. ಚೀಲ ಎಲ್ಲಿ ಹೋಯ್ತು ಅಂತ ನಾ ಕೇಳಿರಲಿಲ್ಲ, ಸುಟ್ಟಿರ್ತಾನ ಅಂದಿದ್ದೆ. ಯಾಕ ಸಂದೂಕದಾಗ ಮಡಚಿ ಇಟ್ಟ, ಅವಗೇ ಗೊತ್ತು.

ಇನ್ನ ಮಲ್ಲ್ಯಾ. ಅವನ ಮೀಸಿ ಉದುರಿಲ್ಲ. ದನಿ ಸಣ್ಣ ಆಗಿಲ್ಲ. ಹೆಂಡ್ತಿ ಮ್ಯಾಲ ಒದರೋದು ಒಂದು ಗುಂಜಿಯಷ್ಟೂ ಕಡಿಮಿ ಆಗಿಲ್ಲ. ಆದ್ರ ಊರ ಮುಂದ ಇವತ್ತಿಗೂ ಅಪೆಂಡಿಕ್ಸ್. ಅವನ ಓರಗಿಯವರ ಹೆಂಡರು ಹೊಟ್ಟಿ ಕೊಯಿಸ್ಕೊಂಡು ಬಂದು ಮೂರನೇ ದಿನಕ್ಕ ಹೊಲಕ್ಕ ಹೋಗ್ತಾರ. ಆ ಗಂಡಸರು ಚಾದಂಗಡಿಯಾಗ ಕುಂತು "ಗಂಡಸರು ಮಾಡಿಸಿಕೊಂಡ್ರ ಎತ್ತು ಆಗ್ತಾರ" ಅಂತಾರ. ಇವ ಅವರ ನಡುವೇ ಕುಂತು ಚಾ ಕುಡೀತಾನ. ಬಾಯಿ ಬಿಡಂಗಿಲ್ಲ. ನನಗ ಮೈ ಉರೀತದ.

"ಆಯಿ," ಅಂತ ಅಂಬಿಕಾ ನನ್ನ ಭುಜ ಅಲ್ಲಾಡಿಸಿದ್ಳು. "ಕವಣಿ ಅಲ್ಲಂದ್ರ ಮತ್ತೇನು?"

ನಾ ಆಕಿ ಮುಂದಿನ ಪುಸ್ತಕ ನೋಡಿದೆ. ಒಂದು ಹಾಳಿ ಮ್ಯಾಲ ಹಸ್ತ ಇಟ್ಟು ಮುಚ್ಚಿಕೊಂಡಿದ್ಳು. ಕೈ ಸರಿಸಿದೆ. ಗಂಡಸಿನ ಒಳಗಿನ ಚಿತ್ರ, ಗೀಟು ಎಳದು ಹೆಸರು ಬರದಿದ್ರು. ಮಾಸ್ತರ ಈ ಪಾಠ ಮನಿಯಾಗ ಓದ್ಕೊಳ್ರಿ ಅಂದಾನಂತ. ಅವನೂ ಗಂಡಸೇ ಅಲ್ಲೇನು.

"ಓದು," ಅಂದೆ. "ಗಟ್ಟಿಯಾಗಿ."

ಆಕಿ ಬಾಗಿಲ ಕಡೆ ನೋಡಿ ನೋಡಿ ಓದಿದ್ಳು. ವೃಷಣ ಅಂತ ಬರದದ, ಬೀಜಕ್ಕ. ಅವು ದೇಹದ ಹೊರಗ ಚೀಲದಾಗ ಇರ್ತಾವಂತ, ಮೈ ಬಿಸಿಕ್ಕಿಂತ ಸ್ವಲ್ಪ ತಂಪು ಬೇಕಂತ. ಕುಡಿಯೋ ನೀರಿನ ಕೊಡ ಒಲಿ ಬಾಜೂಕ ಇಡ್ತೇವೇನು, ಹಂಗ, ಅಂದೆ. ವೀರ್ಯನಾಳ ಅಂತ ಬಂದಾಗ ಚಿತ್ರದಾಗ ಬೆರಳಿಟ್ಟೆ. ನಾ ಹಿತ್ತಲದಾಗ ಹಿಸುಕಿ ನೋಡಿದ ಬೆಳ್ಳನ ದಾರ, ಇಲ್ಲಿ ನೀಲಿ ಬಣ್ಣದಾಗ ಇತ್ತು. ಅದು ಮ್ಯಾಲ ಹೋಗಿ ಉಚ್ಚಿ ಚೀಲದ ಹಿಂದ ತಿರುಗಿ ಬಂದು ಉಚ್ಚಿ ಹಾದಿಗೇ ಕೂಡ್ತದ. ಅಷ್ಟು ಸುತ್ತಿ ಬರ್ತದ ಅಂತ ನನಗ ಅವತ್ತೇ ತಿಳದದ್ದು. "ಈ ದಾರ ಕತ್ತರಿಸಿದ್ದಕ್ಕ ನಿಮ್ಮವ್ವ ಅದಾಳ," ಅಂದೆ. ಚೀಲ ಏನಂತಾನೂ ಹೇಳಿದೆ. ಹುಡುಗಿ ನಕ್ಕು ಸಾಯ್ತದ ಅಂದುಕೊಂಡಿದ್ದೆ. ನಗಲಿಲ್ಲ. ಚೀಲದ ಹೊಲಿಗಿ ಮ್ಯಾಲ ಬೆರಳಾಡಿಸಿ, "ಮುತ್ಯಾ ತಾನೇ ಹೊಲಕೊಂಡಿದ್ನಾ?" ಅಂದ್ಳು.

ಬಟ್ಟಿ ಗಟ್ಟಿ ಇತ್ತು, ಕೌದಿಗೆ ಬರ್ತದ. ತೊಳದೆ. ಹಗ್ಗದ ಹತ್ರ ಹೋಗಿ ಹಾಕಿದೆ, ಕೈ ತನ್ನಷ್ಟಕ್ಕ ತಾನೇ ಸೀರಿ ಹುಡುಕಾಕತ್ತಿತು. ಕೈಗೆ ಬೈದೆ. ಲಾಡಿ ಎರಡೂ ಬಿಚ್ಚಿ, ರಸ್ತಾದ ಕಡೆ ಬಿಸಿಲಿಗೆ ಅಗಲಕ್ಕ ಹರವಿದೆ.

ಮಲ್ಲ್ಯಾ ಹೊಲದಿಂದ ಬಂದ. ನೋಡಿದ. "ಯವ್ವಾ, ತಗಿ ಅದನ್ನ. ಮಂದಿ ನೋಡ್ತಾರ."

"ನೋಡ್ಲಿ."

ಅಷ್ಟರಾಗ ಹಿಂದಿನ ಓಣಿಯ ಲಕ್ಕಪ್ಪ ಬಂದ, ಕಾಲು ಅಗಲಿಸಿ ಮೆಲ್ಲಕ ನಡ್ಕೋತ. ಮುಂಜಾನಿಂದ ಹತ್ತಾರು ಮಂದಿ ಹಗ್ಗದ ಮುಂದ ಹಾದು ಹೋಗಿದ್ರು, ಯಾರೂ ನೋಡಿರಲಿಲ್ಲ. ಅದೇನಂತ ಗುರುತು ಸಿಗೋದು ಕಟ್ಟಿಕೊಂಡಾವಗೆ ಮಾತ್ರ. ಲಕ್ಕಪ್ಪ ನಿಂತ. ಚೀಲ ನೋಡಿದ, ನನ್ನ ನೋಡಿದ, ಧೋತರದ ನಿರಗಿ ಸರಿ ಮಾಡಿಕೊಂಡ. ಹೊರಡಬೇಕು ಅಂದವ ಹೊರಡಲಿಲ್ಲ. ಮಲ್ಲ್ಯಾನ ಹತ್ರ ಬಂದು ದನಿ ಇಳಿಸಿ ಕೇಳಿದ.

"ನಿಮ್ಮಪ್ಪ ಎಲ್ಲಿ ತೋರಿಸಿಕೊಂಡ್ನೋ ತಮ್ಮಾ? ಕತ್ತಿ ಹಚ್ಚಿದ ಮ್ಯಾಲ... ಎಲ್ಲಾ ಸರಿ ಇತ್ತೇನು?"

ನಾ ಬಾಯಿ ತೆರದೆ. ಮುಚ್ಚಿದೆ. ಈ ಸಲ ನಾ ಹೇಳಂಗಿಲ್ಲ ಅಂತ ಹಲ್ಲು ಕಚ್ಚಿ ಹಿಡದೆ.

ಮಲ್ಲ್ಯಾ ನೆಲ ನೋಡಿದ. ಕಾಲಿನಿಂದ ಒಂದು ಹರಳು ಅತ್ತಿತ್ತ ಸರಿಸಿದ. "ಆಳಂದದಾಗ, ಕಾಕಾ," ಅಂದ. "ಎಲ್ಲಾ ಸರಿ ಇತ್ತು. ಸೈಕಲ್ ಹೊಡೀತಿದ್ನಲ್ಲ, ನೋಡಿದ್ದಿಯಲ್ಲ ನೀ." ಆ ಹರಳು ಒದ್ದು, "ನಂದೂ ಅವತ್ತೇ ಆಯ್ತು. ಅಪೆಂಡಿಕ್ಸ್ ಅಲ್ಲ ಅದು. ನಸಬಂದಿ. ನನ್ನ ಹೆಂಡ್ತಿ ಎದಿ ಸರಿ ಇಲ್ಲಂತ ನಾನೇ ಮಾಡಿಸ್ಕೊಂಡೆ. ನಾ ಏನ್ ಎತ್ತು ಆಗೇನೇನು?"

ಲಕ್ಕಪ್ಪ ಅವನ್ನ ತೆಲಿಯಿಂದ ಕಾಲಿನ ತನಕ ನೋಡಿದ. ಎತ್ತು ಕೊಳ್ಳೋರು ನೋಡಿದಂಗೇ ನೋಡಿದ.

"ನಾ ಕರ್ಕೊಂಡು ಹೋಗ್ತೇನಿ ಬಾ ಕಾಕಾ," ಅಂದ ಮಲ್ಲ್ಯಾ. "ಬರೋ ಸೋಮವಾರ ಹೋಗೋಣು."

ಒಳಗ ರೊಟ್ಟಿ ಬಡಿಯೋ ಸಪ್ಪಳ ನಿಂತಿತು. ಸುವರ್ಣಾ ಹಿಟ್ಟಿನ ಕೈಯಾಗೇ ಹೊಸ್ತಿಲಿಗೆ ಬಂದು ನಿಂತ್ಳು.

"ಸೋಮವಾರ ಅಲ್ರಿ ಕಾಕಾ," ಅಂದ್ಳು. "ಇವರ ಸೋಮವಾರ ನಾ ನೋಡೇನಿ. ನಾಳೆ ಮೊದಲನೇ ಬಸ್ಸಿಗೆ ಹೋಗ್ರಿ, ರೊಟ್ಟಿ ನಾ ಕಟ್ಟಿ ಕೊಡ್ತೇನಿ."